ಕಣ್ಣಿನ ಪ್ರೆಶರ್ 16 ಇದ್ದರೂ ದೃಷ್ಟಿ ಯಾಕೆ ಕಡಿಮೆಯಾಗುತ್ತಿದೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪಯ್ಯನಿಗೆ 68 ವರ್ಷ, ಅಡಿಕೆ ತೋಟ ನೋಡಿಕೊಂಡಿದ್ದಾರೆ. ನಾಲ್ಕು ವರ್ಷದ ಹಿಂದೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ನಿಧಾನವಾಗಿ ಹಾಳಾಗುವ ರೋಗ, ಇದೆ ಎಂದು ಗೊತ್ತಾಯಿತು. ಬಲಗಣ್ಣಿಗೆ ಆಗಲೇ ಸಾಕಷ್ಟು ಹಾನಿಯಾಗಿತ್ತು. ಎರಡು ಬಗೆಯ ಡ್ರಾಪ್ಸ್ ಹಾಕುತ್ತಾರೆ. ಹೋದಾಗಲೆಲ್ಲ ಪ್ರೆಶರ್ 15, 16 ಇರುತ್ತದೆ, ನಾರ್ಮಲ್ ಅನ್ನುತ್ತಾರೆ. ಆದರೆ ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟಿನಲ್ಲಿ ಈ ಸಲ ಬಲಗಣ್ಣು ಮತ್ತೂ ಹಾಳಾಗಿದೆ ಅಂದರು. ಹೊನ್ನಾವರದಲ್ಲಿರುವ ನಮ್ಮ ಅತ್ತೆಗೆ ಪ್ರೆಶರ್ 23 ಇದೆ, ಹತ್ತು ವರ್ಷದಿಂದ ಏನೂ ಆಗಿಲ್ಲ. ಹೀಗೇಕೆ? ಅಪ್ಪಯ್ಯ ರಾತ್ರಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ಶೀರ್ಷಾಸನ ಮಾಡುತ್ತಾರೆ, ಮಳೆಗಾಲದಲ್ಲಿ ತುರಿಕೆಗೆ ಮೆಡಿಕಲ್ ಶಾಪಿನಿಂದ ತಂದ ಮುಲಾಮು ಹಚ್ಚುತ್ತಾರೆ. ಇದಕ್ಕೆಲ್ಲ ಸಂಬಂಧ ಇದೆಯಾ? ಡಾಕ್ಟರನ್ನೇ ಬದಲಿಸಬೇಕಾ?

ಉತ್ತರ:

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಬಲಗಣ್ಣು ನಿಜವಾಗಿಯೂ ಕೆಟ್ಟಿದೆಯಾ, ಅಥವಾ ಆ ದಿನದ ಟೆಸ್ಟ್ ಕೆಟ್ಟಿದೆಯಾ?

ಫೀಲ್ಡ್ ಟೆಸ್ಟ್ ಹೇಗಿರುತ್ತದೆ ಎಂದು ನೀವು ಬಾಗಿಲ ಹೊರಗಿನಿಂದ ನೋಡಿರಬಹುದು. ಒಳಗೆ ಕತ್ತಲೆ. ಒಂದು ಕಣ್ಣಿಗೆ ಪಟ್ಟಿ. ಗಲ್ಲವನ್ನು ಮೆಷಿನಿನ ಮೇಲಿಟ್ಟು ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತಿರಬೇಕು, ಅಕ್ಕಪಕ್ಕ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಬಟನ್ ಒತ್ತಬೇಕು. ಕೆಲವು ಚುಕ್ಕೆ ಎಷ್ಟು ಮಂಕಾಗಿರುತ್ತವೆ ಎಂದರೆ ಒಳ್ಳೆಯ ಕಣ್ಣಿಗೂ ಕಾಣುವುದಿಲ್ಲ. ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ, ಕಾಣದೇ ಹೋದಾಗ ಗಾಬರಿಯಾಗಿ ಸುಮ್ನೆ ಒತ್ತಲು ಶುರು ಮಾಡುತ್ತಾರೆ. ಬೆಳಗಿನ ಜಾವ ಎದ್ದು, ಬಸ್ಸಿನಲ್ಲಿ ಘಟ್ಟ ಇಳಿದು ಬಂದು, ಊಟದ ಹೊತ್ತು ಮೀರಿದ ಮೇಲೆ ಆ ಕುರ್ಚಿಯಲ್ಲಿ ಕೂತ 68 ವರ್ಷದವರಿಗೆ ಅರ್ಧ ಟೆಸ್ಟಿಗೇ ತೂಕಡಿಕೆ ಬರುತ್ತದೆ. ಅಂಥ ಹಾಳೆ ನೋಡಿ ರೋಗ ಮುಂದುವರಿದಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಪೊರೆ ಬೆಳೆದಿದ್ದರೂ ಇಡೀ ಫೀಲ್ಡ್ ಮಂಕಾಗಿ ಕಾಣುತ್ತದೆ. ಹಾಗಾಗಿ ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಬೆಳಿಗ್ಗೆ ಹೊತ್ತಿನಲ್ಲಿ, ಹೊಟ್ಟೆಗೆ ಏನಾದರೂ ಹಾಕಿಕೊಂಡ ಮೇಲೆ. ಅದೇ ಜಾಗದಲ್ಲಿ ಮತ್ತೆ ಕಪ್ಪು ಬಿದ್ದರೆ, ಹಿಂದಿಗಿಂತ ಗಾಢವಾಗಿದ್ದರೆ, ಆಗ ನಂಬಬೇಕು. ಜೊತೆಗೆ ಕಣ್ಣಿನ ನರದ ಪದರದ ದಪ್ಪ ಅಳೆಯುವ ಓಸಿಟಿ ಸ್ಕ್ಯಾನಿನಲ್ಲೂ ನರದ ಪದರ ತೆಳುವಾಗುತ್ತಾ ಬಂದಿದ್ದರೆ ಅನುಮಾನವೇ ಬೇಡ. ಆದರೆ ಹಾನಿ ಬಹಳ ಮುಂದುವರಿದ ಕಣ್ಣಿನಲ್ಲಿ ಓಸಿಟಿಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಆಗ "ಸ್ಕ್ಯಾನ್ ಹಿಂದಿನಂತೆಯೇ ಇದೆ" ಎಂದು ಸಮಾಧಾನ ಪಡಬೇಡಿ, ಫೀಲ್ಡ್ ಟೆಸ್ಟೇ ಗತಿ.

ನಿಜವಾಗಿಯೇ ಕೆಟ್ಟಿದೆ ಎಂದು ಇಟ್ಟುಕೊಳ್ಳೋಣ. ಪ್ರೆಶರ್ 16 ಇದೆ. ಮತ್ತೆ ಯಾಕೆ?

ನಾರ್ಮಲ್ ಪ್ರೆಶರ್ 10ರಿಂದ 21 ಅನ್ನುವುದು ಸಾವಿರಾರು ಜನರ ಕಣ್ಣು ಅಳೆದು ತೆಗೆದ ಲೆಕ್ಕ. ನಿಮ್ಮ ಅಪ್ಪಯ್ಯನ ಬಲಗಣ್ಣಿನ ನರ ಎಷ್ಟು ತಾಳಿಕೊಳ್ಳುತ್ತದೆ ಎಂದು ಅದು ಹೇಳುವುದಿಲ್ಲ. ಒಂದು ಕಣ್ಣಿನ ನರದಲ್ಲಿ ಸುಮಾರು ಹತ್ತು ಲಕ್ಷ ಎಳೆಗಳಿರುತ್ತವೆ. ಮೂರರಲ್ಲಿ ಒಂದು ಪಾಲು ಎಳೆ ಸತ್ತರೂ ಎಷ್ಟೋ ಸಲ ಫೀಲ್ಡ್ ಟೆಸ್ಟಿನಲ್ಲಿ ಗೊತ್ತಾಗುವುದಿಲ್ಲ. ಅವರದು ಗೊತ್ತಾದಾಗಲೇ ಸಾಕಷ್ಟು ಹೋಗಿತ್ತು. ಹಾಗೆ ಸೊರಗಿದ ನರಕ್ಕೆ 16 ಕೂಡ ಜಾಸ್ತಿಯೇ ಆಗಬಹುದು. ಎಷ್ಟು ತಡವಾಗಿ ರೋಗ ಗೊತ್ತಾಯಿತು ಅನ್ನುವುದೇ ಮುಂದೆ ಎಷ್ಟು ಬೇಗ ಕಷ್ಟ ಬರುತ್ತದೆ ಅನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನಮ್ಮ ಕಡೆಯ ದೊಡ್ಡ ನೋವು ಇದೇ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ತಮಗೆ ಅದು ಇದೆ ಎಂದೇ ಗೊತ್ತಿರಲಿಲ್ಲ. ನೋವಿಲ್ಲ, ಕೆಂಪಿಲ್ಲ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ಮುಚ್ಚಿಹಾಕುತ್ತದೆ, ಯಾರಿಗೆ ಹೇಗೆ ತಿಳಿಯಬೇಕು?

ಪ್ರೆಶರ್ ಎಷ್ಟು ಇಳಿಸಬೇಕು ಎನ್ನುವುದಕ್ಕೆ ಒಳ್ಳೆಯ ಆಧಾರಗಳಿವೆ. ಸ್ವೀಡನ್ನಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ಪ್ರೆಶರ್ ಒಂದೊಂದು ಅಂಕಿ ಇಳಿದ ಹಾಗೆಲ್ಲ ರೋಗ ಮುಂದುವರಿಯುವ ಅಪಾಯ ಸುಮಾರು 10 ಶೇಕಡಾ ಕಡಿಮೆಯಾಗುತ್ತದೆ ಎಂದು ಕಂಡುಬಂತು. 16ರಿಂದ 12ಕ್ಕೆ ಇಳಿಸುವುದು ಸಣ್ಣ ಮಾತಲ್ಲ ಎಂದಾಯಿತು. ಅಮೆರಿಕದ ಇನ್ನೊಂದು ಅಧ್ಯಯನ ಮುಂದುವರಿದ ಗ್ಲಾಕೋಮಾದವರನ್ನೇ ವರ್ಷಗಟ್ಟಲೆ ನೋಡಿತು. ಪ್ರತಿ ಭೇಟಿಯಲ್ಲೂ, ಒಂದೂ ತಪ್ಪದೆ, 18ಕ್ಕಿಂತ ಕೆಳಗೆ ಇದ್ದವರ ಫೀಲ್ಡ್ ಸರಾಸರಿ ಲೆಕ್ಕದಲ್ಲಿ ಹೆಚ್ಚು ಕೆಡಲೇ ಇಲ್ಲ. ಆ ಗುಂಪಿನ ಸರಾಸರಿ ಪ್ರೆಶರ್ 12ರ ಆಸುಪಾಸಿನಲ್ಲಿತ್ತು. ಪ್ರೆಶರ್ "ನಾರ್ಮಲ್" ಇದ್ದೇ ಗ್ಲಾಕೋಮಾ ಬಂದವರ ಮೇಲೆ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದ್ದುದಕ್ಕಿಂತ 30 ಶೇಕಡಾ ಇಳಿಸಿದ ಕಣ್ಣುಗಳಲ್ಲಿ 12 ಶೇಕಡಾ ಕೆಟ್ಟವು, ಇಳಿಸದೇ ಬಿಟ್ಟ ಕಣ್ಣುಗಳಲ್ಲಿ 35 ಶೇಕಡಾ. ಇಷ್ಟಾದರೂ ಆ 12 ಶೇಕಡಾ ಕೆಟ್ಟವು ನೋಡಿ. ಪ್ರೆಶರ್ ನಮ್ಮ ಕೈಯಲ್ಲಿರುವ ಅತಿ ದೊಡ್ಡ ಹಿಡಿತ, ಆದರೆ ಅದೊಂದೇ ಕಾರಣವಲ್ಲ.

ಇನ್ನು ಆ 16 ಎಷ್ಟು ನಂಬಬಹುದು? ಅದು ಮೂರ್ನಾಲ್ಕು ತಿಂಗಳಿಗೊಮ್ಮೆ, ಹಗಲಿನಲ್ಲಿ, ಕೂತಿದ್ದಾಗ, ಕೆಲವು ಸೆಕೆಂಡಿನಲ್ಲಿ ಅಳೆದದ್ದು. ಉಳಿದ ದಿನಗಳಲ್ಲಿ ಎಷ್ಟಿತ್ತು ಎಂದು ಯಾರಿಗೂ ಗೊತ್ತಿಲ್ಲ.

ಡ್ರಾಪ್ಸ್ ವಿಷಯದಿಂದ ಶುರು ಮಾಡೋಣ, ಯಾಕೆಂದರೆ ನಾನು ನೋಡುವ ಹೆಚ್ಚಿನ ಕಣ್ಣುಗಳು ಸೋರುವುದು ಇಲ್ಲೇ. "ದಿನಾ ಹಾಕುತ್ತೇನೆ" ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳು ಹೇಳಬೇಕೆಂದು ಹೇಳುವುದಲ್ಲ, ಹಾಗೆಂದೇ ಅವರು ನಂಬಿರುತ್ತಾರೆ. ಬಾಟಲಿ ಒತ್ತಿದ್ದನ್ನು ತಾನೇ ಲೆಕ್ಕವಿಡುವ ಎಲೆಕ್ಟ್ರಾನಿಕ್ ಸಾಧನ ಕೊಟ್ಟು ನೋಡಿದ ಒಂದು ಅಮೆರಿಕನ್ ಅಧ್ಯಯನದಲ್ಲಿ ಜನ ತಾವು 95 ಶೇಕಡಾ ಹಾಕಿದ್ದೇವೆ ಎಂದರು, ಯಂತ್ರದ ಲೆಕ್ಕ 71 ಶೇಕಡಾ ಬಂತು. ಜೊತೆಗೆ ಆಸ್ಪತ್ರೆಗೆ ಹೋಗುವ ಹಿಂದಿನ ವಾರ ಎಲ್ಲರೂ ಸರಿಯಾಗಿ ಹಾಕುತ್ತಾರೆ. ಪ್ರೆಶರ್ 16 ಬರುತ್ತದೆ, ಡಾಕ್ಟರಿಗೆ ಖುಷಿ, ನಿಮಗೂ ಖುಷಿ, ನಡುವಿನ ಎರಡು ತಿಂಗಳು ಯಾರ ಲೆಕ್ಕದಲ್ಲೂ ಇಲ್ಲ.

ಇವತ್ತು ರಾತ್ರಿ ಅಪ್ಪಯ್ಯ ಡ್ರಾಪ್ಸ್ ಹಾಕಿಕೊಳ್ಳುವಾಗ ಏನೂ ಹೇಳದೆ ಪಕ್ಕದಲ್ಲಿ ಕೂತು ನೋಡಿ. ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಮುಖ ಸಾಕಷ್ಟು ಮೇಲೆತ್ತುವುದಿಲ್ಲ. ಕೈ ನಡುಗಿ ಮೊದಲ ಹನಿ ಹುಬ್ಬಿಗೆ, ಎರಡನೆಯದು ಕೆನ್ನೆಗೆ ಬೀಳುತ್ತದೆ. ಬಾಟಲಿ ತುದಿ ರೆಪ್ಪೆಗೆ ತಾಗುತ್ತದೆ. ಕಣ್ಣಿಗೆ ಬಿದ್ದ ಕೂಡಲೇ ಪಟಪಟ ರೆಪ್ಪೆ ಬಡಿಯುತ್ತಾರೆ, ಔಷಧ ಮೂಗಿನ ಕಡೆ ಹರಿದು ಗಂಟಲಿಗೆ ಇಳಿಯುತ್ತದೆ, ಕಹಿ ಅನ್ನುತ್ತಾರೆ. ಆ ಮೇಲೆ ಎರಡನೇ ಬಾಟಲಿಯನ್ನು ತಕ್ಷಣ ಹಾಕುತ್ತಾರೆ, ಅದು ಮೊದಲಿನದನ್ನೂ ತೊಳೆದುಕೊಂಡು ಹೋಗುತ್ತದೆ. ಸರಿಯಾದ ಕ್ರಮ ಸುಲಭವೇ ಇದೆ. ಮಲಗಿಸಿ, ಕೆಳರೆಪ್ಪೆ ಎಳೆದು ನೀವೇ ಒಂದು ಹನಿ ಹಾಕಿ. ಒಂದೇ ಸಾಕು, ಕಣ್ಣಿನಲ್ಲಿ ಎರಡನೆಯದಕ್ಕೆ ಜಾಗವೇ ಇಲ್ಲ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಲಿ. ಇನ್ನೊಂದು ಔಷಧ ಐದು ನಿಮಿಷ ಬಿಟ್ಟು. ಲ್ಯಾಟನೋಪ್ರಾಸ್ಟ್ ಥರದ ಬಾಟಲಿ ಹೆಚ್ಚಿನವು ತೆರೆಯುವ ಮೊದಲು ಫ್ರಿಜ್ಜಿನಲ್ಲೇ ಇರಬೇಕು, ತೆರೆದ ಮೇಲೆ ನಾಲ್ಕರಿಂದ ಆರು ವಾರ, ಆಮೇಲೆ ಸ್ವಲ್ಪ ಉಳಿದಿದ್ದರೂ ಬಿಸಾಡಿ. ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ತೆರೆದದ್ದನ್ನೂ ಫ್ರಿಜ್ಜಿನ ಬಾಗಿಲಲ್ಲಿ ಇಡುವುದು ಒಳ್ಳೆಯದು. ಮಳೆಗಾಲ ಹಿಡಿಯುವ ಮುಂಚೆ ಒಂದು ಬಾಟಲಿ ಹೆಚ್ಚಿಗೆ ತಂದಿಟ್ಟುಕೊಳ್ಳಿ. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದ ವಾರವೇ ಡ್ರಾಪ್ಸ್ ಮುಗಿಯುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಈಗ ರಾತ್ರಿಯ ಮಾತು. ಮಲಗಿದಾಗ ಕಣ್ಣಿನ ಪ್ರೆಶರ್ ಏರುತ್ತದೆ, ಬಹಳ ಜನರಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗೆ ಅತಿ ಹೆಚ್ಚು ಇರುತ್ತದೆ. ಅದೇ ಹೊತ್ತಿಗೆ ರಕ್ತದ ಬಿಪಿ ಇಳಿಯುತ್ತದೆ. ತೋಟದ ಕೊನೆಯ ಸಾಲಿಗೆ ಪೈಪಿನಲ್ಲಿ ನೀರು ಬಿಟ್ಟಾಗ ಪಂಪಿನ ಜೋರು ಕಡಿಮೆಯಾಗಿ, ಪೈಪಿನ ಮೇಲೆ ಕಲ್ಲೂ ಬಿದ್ದರೆ ಏನಾಗುತ್ತದೋ ಕಣ್ಣಿನ ನರಕ್ಕೆ ಆಗ ಅದೇ ಆಗುತ್ತದೆ, ರಕ್ತ ಸಾಲುವುದಿಲ್ಲ. ಇದರ ಮೇಲೆ ಮಲಗುವಾಗ ಬಿಪಿ ಮಾತ್ರೆ ತೆಗೆದುಕೊಂಡರೆ ಕೆಲವರಲ್ಲಿ ಬಿಪಿ ತೀರಾ ಕೆಳಗೆ ಹೋಗುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಸುಳಿವು ಇದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೊತ್ತೂ ಬದಲಿಸಬೇಡಿ. ಬಿಪಿ ನೋಡುವ ಡಾಕ್ಟರಿಗೆ "ಗ್ಲಾಕೋಮಾ ಇದೆ, ಕೆಡುತ್ತಿದೆ, ಮಾತ್ರೆ ಬೆಳಿಗ್ಗೆಗೆ ಹಾಕಬಹುದಾ, 24 ಗಂಟೆ ಬಿಪಿ ಅಳೆಯಬಹುದಾ" ಎಂದು ಕೇಳಿ. ಡ್ರಾಪ್ಸ್ ಯಾವುವು ಅನ್ನುವುದನ್ನೂ ನೋಡಿ. ಟಿಮೊಲಾಲ್ ರಾತ್ರಿ ಹೊತ್ತು ಕಣ್ಣಿನ ಪ್ರೆಶರ್ ಇಳಿಸುವುದು ಅಷ್ಟಕ್ಕಷ್ಟೇ, ಅದರ ಬದಲು ರಕ್ತದ ಬಿಪಿಯನ್ನೇ ಇನ್ನಷ್ಟು ಇಳಿಸಬಹುದು. ಲ್ಯಾಟನೋಪ್ರಾಸ್ಟ್ ಗುಂಪಿನವು ಹಗಲು ರಾತ್ರಿ ಎರಡೂ ಹೊತ್ತು ಕೆಲಸ ಮಾಡುತ್ತವೆ. ಅಪ್ಪಯ್ಯನಿಗೆ ಉಬ್ಬಸ ಇದ್ದರೆ, ನಾಡಿ ನಿಧಾನ ಇದ್ದರೆ ಟಿಮೊಲಾಲ್ ವಿಷಯ ಈಗಲೇ ಡಾಕ್ಟರಿಗೆ ತಿಳಿಸಿ. ರಾತ್ರಿ ಜೋರು ಗೊರಕೆ ಹೊಡೆದು ನಡುನಡುವೆ ಉಸಿರು ನಿಂತ ಹಾಗೆ ಆಗುತ್ತದೆಯಾ, ಅಮ್ಮನ ಹತ್ತಿರ ಕೇಳಿ. ಅದನ್ನೂ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಶೀರ್ಷಾಸನ ನಿಲ್ಲಿಸಲಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ತಲೆಕೆಳಗಾಗಿ ನಿಂತಾಗ ಕಣ್ಣಿನ ಪ್ರೆಶರ್ ಸುಮಾರು ಎರಡು ಪಟ್ಟಾಗುತ್ತದೆ, ಇದನ್ನು ಯೋಗಾಭ್ಯಾಸಿಗಳ ಮೇಲೆ ಅಳೆದು ನೋಡಿದ್ದಾರೆ. ಇಷ್ಟು ವರ್ಷದ ಅಭ್ಯಾಸ ಬಿಡಿಸುವುದು ಕಷ್ಟ, ನಮ್ಮ ಕಡೆ ಅದಕ್ಕೆ ಒಂದು ಶ್ರದ್ಧೆಯೂ ಇರುತ್ತದೆ. ಆದರೂ ಬಿಡಲೇಬೇಕು. ತಲೆ ಕೆಳಗೆ ಮಾಡದ ಆಸನಗಳು, ಜೋರಾಗಿ ಉಸಿರು ಬಿಗಿಹಿಡಿಯದ ಪ್ರಾಣಾಯಾಮ, ವಾಕಿಂಗ್ ಎಲ್ಲ ಆಗಬಹುದು, ಒಳ್ಳೆಯದೂ ಹೌದು. ಬೆಳಿಗ್ಗೆ ಎದ್ದು ಒಂದು ಲೀಟರ್ ನೀರನ್ನು ಒಂದೇ ಸಲ ಗಟಗಟ ಕುಡಿಯುವ ಅಭ್ಯಾಸ ಇದ್ದರೆ ಅದೂ ಬೇಡ, ಸ್ವಲ್ಪ ಸ್ವಲ್ಪ ಕುಡಿಯಲಿ. ಟಿವಿ, ಮೊಬೈಲ್, ಪೇಪರ್ ಓದುವುದರಿಂದ ಗ್ಲಾಕೋಮಾ ಜೋರಾಗುವುದಿಲ್ಲ, ಆ ವಿಷಯಕ್ಕೆ ಬೈಯಬೇಡಿ.

ತುರಿಕೆಯ ಮುಲಾಮಿನ ಹೆಸರು ಬರೆದುಕೊಂಡು ಹೋಗಿ ತೋರಿಸಿ. ಚೀಟಿ ಇಲ್ಲದೆ ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ತುರಿಕೆ ಮುಲಾಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಕಾಲಿಗೆ ನಾಲ್ಕು ದಿನ ಹಚ್ಚಿದರೆ ಕಣ್ಣಿಗೆ ದೊಡ್ಡ ತೊಂದರೆ ಇಲ್ಲ. ಮುಖಕ್ಕೆ, ರೆಪ್ಪೆಯ ಸುತ್ತ ತಿಂಗಳುಗಟ್ಟಲೆ ಹಚ್ಚಿದರೆ, ಅಥವಾ ಅದೇ ಕೈಯಲ್ಲಿ ಕಣ್ಣು ಉಜ್ಜುತ್ತಿದ್ದರೆ ಪ್ರೆಶರ್ ಏರುತ್ತದೆ, ಗ್ಲಾಕೋಮಾ ಇದ್ದವರಿಗೆ ಉಳಿದವರಿಗಿಂತ ಬಹಳ ಸುಲಭವಾಗಿ ಏರುತ್ತದೆ. ಇದಕ್ಕಿಂತ ಅಪಾಯ ಕಣ್ಣು ಕೆಂಪಾದಾಗ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಡ್ರಾಪ್ಸ್. ಹಾಕಿದ ಕೂಡಲೇ ಕಣ್ಣು ತಂಪಾಗುತ್ತದೆ, ಕೆಂಪು ಹೋಗುತ್ತದೆ, ಹಾಗಾಗಿ ಅದೇ ಬಾಟಲಿ ಮನೆಯವರೆಲ್ಲರ ಕಣ್ಣಿಗೆ ವರ್ಷವಿಡೀ ಓಡಾಡುತ್ತದೆ. ಮಂಡಿಗೆ ಕೊಡುವ ಇಂಜೆಕ್ಷನ್, ಉಬ್ಬಸದ ಇನ್ಹೇಲರ್, ಹೆಸರಿಲ್ಲದ ನೋವಿನ ಪುಡಿ, ಇವನ್ನೆಲ್ಲ ಕಣ್ಣಿನ ಡಾಕ್ಟರಿಗೆ ತಿಳಿಸಬೇಕು. ಇನ್ಹೇಲರನ್ನು ಮಾತ್ರ ಹೆದರಿ ನಿಲ್ಲಿಸಬೇಡಿ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ ಹಾಕುವುದು ಬೇಡ. ಪ್ರೆಶರ್ ಅದರಿಂದ ಇಳಿಯುವುದಿಲ್ಲ, ಸೋಂಕು ಬೇಕಾದರೆ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೆಡುತ್ತಿದ್ದರೆ ಕಣ್ಣಿನ ಒಳಗೇ ಇರುವ ಕಾರಣ ಹುಡುಕಬೇಕು, ಅದು ಡಾಕ್ಟರಿನ ಕೆಲಸ. ನೀವು ಮೂರು ವಿಷಯ ಕೇಳಬಹುದು. ಗೋನಿಯೋಸ್ಕೋಪಿ ಮಾಡಿದ್ದಾರಾ? ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ತೆರೆದಿದೆಯೋ ಮುಚ್ಚಿಕೊಂಡಿದೆಯೋ ಎಂದು ನೋಡುವ ಪರೀಕ್ಷೆ ಅದು, ಎರಡಕ್ಕೂ ಚಿಕಿತ್ಸೆ ಬೇರೆ. ಮುಚ್ಚುವ ಬಗೆಯಲ್ಲಿ ಕೆಲವೊಮ್ಮೆ ಒಮ್ಮೆಲೇ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಆಗುತ್ತದೆ. ಪಿತ್ತ ಕೆದರಿದೆ ಎಂದು ಮುರುಗಲು ಪಾನಕ ಕುಡಿಸಿ ಮಲಗಿಸಿದ ಆ ರಾತ್ರಿಯಲ್ಲೇ ಕಣ್ಣು ಹೋಗಬಹುದು. ಎರಡನೆಯದು, ಪಾಪೆಯ ಅಂಚಿನಲ್ಲಿ, ಲೆನ್ಸಿನ ಮೇಲೆ ತಲೆಹೊಟ್ಟಿನಂಥ ಬಿಳಿ ಪುಡಿ ಇದೆಯಾ? ವಯಸ್ಸಾದವರಲ್ಲಿ ಕಾಣುವ ಈ ಬಗೆಯಲ್ಲಿ ಪ್ರೆಶರ್ ಬಹಳ ಏರಿಳಿಯುತ್ತದೆ. ಪಾಪೆ ಹಿಗ್ಗಿಸಿ ನೋಡದಿದ್ದರೆ ತಪ್ಪಿಹೋಗಬಹುದು. ಮೂರನೆಯದು, ನರದ ಅಂಚಿನಲ್ಲಿ ಸಣ್ಣ ರಕ್ತದ ಗೆರೆ. ಕೂದಲೆಳೆಯಷ್ಟು ಇರುತ್ತದೆ, ಕೆಲವು ವಾರದಲ್ಲಿ ಮಾಯವಾಗುತ್ತದೆ. ಅದು ಕಂಡ ಕಣ್ಣು ಮುಂದೆ ಕೆಡುವ ಸಾಧ್ಯತೆ ಹೆಚ್ಚು.

ನಿಮ್ಮ ಅತ್ತೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವರಿಗೆ ಬಹುಶಃ ಇರುವುದು ಬರೀ ಹೆಚ್ಚಿನ ಪ್ರೆಶರ್, ನರಕ್ಕೆ ಹಾನಿ ಆಗಿರಲಿಕ್ಕಿಲ್ಲ. ಅಮೆರಿಕದಲ್ಲಿ ಇಂಥ 1636 ಜನರನ್ನು ನೋಡಿದ ಅಧ್ಯಯನ 2002ರಲ್ಲಿ ಬಂತು. ಔಷಧ ಕೊಡದೇ ಬಿಟ್ಟವರಲ್ಲಿ ಐದು ವರ್ಷದೊಳಗೆ ಗ್ಲಾಕೋಮಾ ಬಂದದ್ದು 9.5 ಶೇಕಡಾ ಜನರಿಗೆ, ಔಷಧ ಹಾಕಿದವರಲ್ಲಿ 4.4 ಶೇಕಡಾ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ದಪ್ಪ ಇದ್ದರೆ ಮೆಷಿನ್ ಪ್ರೆಶರನ್ನು ಹೆಚ್ಚಾಗಿ ತೋರಿಸುತ್ತದೆ, ತೆಳುವಿದ್ದರೆ ಕಡಿಮೆ ತೋರಿಸುತ್ತದೆ. ಅತ್ತೆಯ 23 ನಿಜಕ್ಕೂ 20 ಇರಬಹುದು, ಅಪ್ಪಯ್ಯನ 16 ನಿಜಕ್ಕೂ 19 ಇರಬಹುದು. ದಪ್ಪ ಅಳೆಯಲು ಒಂದು ನಿಮಿಷವೂ ಬೇಡ, ಇಬ್ಬರೂ ಅಳೆಸಲಿ. ಅತ್ತೆ ವರ್ಷಕ್ಕೊಮ್ಮೆಯಾದರೂ ತೋರಿಸುವುದನ್ನು ಮಾತ್ರ ಬಿಡಬಾರದು, ಅಣ್ಣನಿಗೆ ಇದೆಯಲ್ಲ.

ಹಾಗಾದರೆ ಡಾಕ್ಟರ್ ಹತ್ತಿರ ಏನು ಕೇಳಬೇಕು? ಪ್ರೆಶರ್ ಎಷ್ಟು ಎಂದು ಮಾತ್ರ ಕೇಳಬೇಡಿ. "ವರ್ಷಕ್ಕೆ ಎಷ್ಟು ಹೋಗುತ್ತಿದೆ?" ಎಂದು ಕೇಳಿ. ನನ್ನ ಇಡೀ ಉತ್ತರದಲ್ಲಿ ಇದೊಂದು ಪ್ರಶ್ನೆ ನೆನಪಿಟ್ಟುಕೊಂಡರೂ ಸಾಕು.

ಲೆಕ್ಕ ಹೀಗಿದೆ. ಫೀಲ್ಡ್ ಟೆಸ್ಟ್ ಹಾಳೆಯಲ್ಲಿ ಎಂಡಿ ಎಂದು ಒಂದು ಸಂಖ್ಯೆ ಇರುತ್ತದೆ, ಮುಂದೆ ಮೈನಸ್ ಗುರುತು. ಅದೇ ವಯಸ್ಸಿನ ಒಳ್ಳೆಯ ಕಣ್ಣಿಗಿಂತ ನೋಟ ಸರಾಸರಿ ಎಷ್ಟು ಕಡಿಮೆ ಎಂದು ಅದು ಹೇಳುತ್ತದೆ. ಒಳ್ಳೆಯ ಕಣ್ಣಿನಲ್ಲಿ ಅದು ಸೊನ್ನೆಯ ಹತ್ತಿರ. ಮೈನಸ್ 6 ದಾಟಿದರೆ ಮಧ್ಯಮ ಹಾನಿ, ಮೈನಸ್ 12 ದಾಟಿದರೆ ತೀವ್ರ, ಮೈನಸ್ 30 ಆಸುಪಾಸು ಅಂದರೆ ಆ ಕಣ್ಣಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಚಿಕಿತ್ಸೆ ಇಲ್ಲದ ಕಣ್ಣುಗಳು ಎಷ್ಟು ವೇಗವಾಗಿ ಕೆಡುತ್ತವೆ ಎಂದು ಮೇಲೆ ಹೇಳಿದ ಸ್ವೀಡನ್ ಅಧ್ಯಯನದವರೇ ನೋಡಿದ್ದಾರೆ. ಸರಾಸರಿ ವರ್ಷಕ್ಕೆ 1.08, ಪ್ರೆಶರ್ ಕಡಿಮೆ ಇದ್ದೂ ರೋಗ ಬಂದವರಲ್ಲಿ 0.36, ಆ ಬಿಳಿ ಪುಡಿಯ ಬಗೆಯಲ್ಲಿ 3.13. ಒಂದೇ ರೋಗದ ಹೆಸರಿನಲ್ಲಿ ಇಷ್ಟು ಅಂತರ! ಈಗ ಅಪ್ಪಯ್ಯನ ಬಲಗಣ್ಣು ಮೈನಸ್ 12ರಲ್ಲಿದೆ, ವರ್ಷಕ್ಕೆ ಒಂದರಂತೆ ಇಳಿಯುತ್ತಿದೆ ಎಂದುಕೊಳ್ಳಿ. 78ನೇ ವಯಸ್ಸಿಗೆ ಮೈನಸ್ 22. ಆ ಕಣ್ಣಿನಿಂದ ತೋಟದ ದಾರಿಯಲ್ಲಿ ನಡೆಯುವುದೂ ಕಷ್ಟ. ವರ್ಷಕ್ಕೆ 0.3ರಂತೆ ಇಳಿದರೆ ಅದೇ ವಯಸ್ಸಿಗೆ ಮೈನಸ್ 15, ಬದುಕು ನಡೆಯುತ್ತದೆ. ಇದೇ ಮೈನಸ್ 12, ಇದೇ ವೇಗ 45 ವರ್ಷದವರಲ್ಲಿ ಕಂಡರೆ ನಾನು ಒಂದು ದಿನವೂ ಕಾಯುವುದಿಲ್ಲ, ಯಾಕೆಂದರೆ ಅವರ ಮುಂದೆ ಇನ್ನೂ ಮೂವತ್ತು, ನಲವತ್ತು ವರ್ಷ ಇದೆ. ಎಡಗಣ್ಣಿನ ಸಂಖ್ಯೆಯನ್ನೂ ಇದೇ ರೀತಿ ನೋಡಿ, ನಾಳೆ ಅವರು ನೆಚ್ಚಬೇಕಾದ್ದು ಅದನ್ನೇ.

ಈ ವೇಗ ತಿಳಿಯಲು ಒಂದೆರಡು ಟೆಸ್ಟ್ ಸಾಲದು, ಮೊದಲ ಎರಡು ವರ್ಷದಲ್ಲಿ ಐದಾರಾದರೂ ಬೇಕು, ಅದೂ ಒಂದೇ ಬಗೆಯ ಮೆಷಿನಿನಲ್ಲಿ. ಡಾಕ್ಟರನ್ನು ಬದಲಿಸಬೇಕಾ ಎಂದು ಕೇಳಿದಿರಲ್ಲ, ಬದಲಿಸುತ್ತಾ ಹೋಗಬೇಡಿ ಎನ್ನುವುದಕ್ಕೆ ಕಾರಣ ಇದೇ. ಒಮ್ಮೆ ಹುಬ್ಬಳ್ಳಿ, ಒಮ್ಮೆ ಮಣಿಪಾಲ, ಮುಂದಿನ ಸಲ ಗೋವಾ ಎಂದು ತಿರುಗಿದರೆ ಪ್ರತಿಯೊಬ್ಬರೂ ಮೊದಲಿನಿಂದ ಶುರು ಮಾಡುತ್ತಾರೆ, ವೇಗ ಯಾರಿಗೂ ಕಾಣುವುದಿಲ್ಲ. ಗ್ಲಾಕೋಮಾವನ್ನೇ ವಿಶೇಷವಾಗಿ ನೋಡುವ ಒಬ್ಬರಲ್ಲಿ ಒಂದು ಸಲ ಎರಡನೇ ಅಭಿಪ್ರಾಯ ಖಂಡಿತ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ನಾಲ್ಕು ವರ್ಷದ ಎಲ್ಲ ಹಾಳೆಗಳನ್ನೂ ತಾರೀಕು ಪ್ರಕಾರ ಜೋಡಿಸಿ ಒಂದೇ ಫೈಲಿನಲ್ಲಿ ಹಾಕಿ ಒಯ್ಯಿರಿ. ನಾಲ್ಕು ವರ್ಷ ಹಿಂದಿನ, ಔಷಧ ಶುರು ಮಾಡುವ ಮೊದಲಿನ ಪ್ರೆಶರ್ ಎಷ್ಟಿತ್ತು ಅನ್ನುವ ಚೀಟಿ ಸಿಕ್ಕರೆ ಅದು ಬಹಳ ಬೆಲೆಬಾಳುವ ಕಾಗದ.

ಕೆಡುತ್ತಿರುವುದು ಖಚಿತವಾದರೆ ಪ್ರೆಶರನ್ನು ಇನ್ನೂ ಕೆಳಗೆ ತರಬೇಕು. ಡ್ರಾಪ್ಸ್ ಬದಲಿಸಬಹುದು. ಮೂಲೆ ತೆರೆದ ಬಗೆಯಾಗಿದ್ದರೆ ಎಸ್‌ಎಲ್‌ಟಿ ಲೇಸರ್ ಇದೆ, ಆ ಮೂಲೆಯಿಂದ ನೀರು ಸರಾಗವಾಗಿ ಹೊರಹೋಗುವಂತೆ ಮಾಡುತ್ತದೆ, ನೋವಿಲ್ಲ, ಅದೇ ದಿನ ಮನೆಗೆ ಬರಬಹುದು. ಹೊಸದಾಗಿ ರೋಗ ಗೊತ್ತಾದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲೇ ಈ ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಮೂರು ವರ್ಷದವರೆಗೂ ಡ್ರಾಪ್ಸ್ ಬೇಕಾಗಲಿಲ್ಲ. ನಿಮ್ಮ ಅಪ್ಪಯ್ಯನಂತೆ ಮುಂದುವರಿದವರಿಗೆ ಅಷ್ಟು ನಿರೀಕ್ಷೆ ಇಡಬಾರದು, ಆದರೆ ಕೇಳಿ ನೋಡಬಹುದು. 12ರ ಹತ್ತಿರ ತರಲೇಬೇಕು ಎಂದಾದರೆ ಟ್ರ್ಯಾಬೆಕ್ಯುಲೆಕ್ಟಮಿ, ಅಂದರೆ ಕಣ್ಣೊಳಗಿನ ನೀರು ಹೊರಹೋಗಲು ಹೊಸ ದಾರಿ ಮಾಡುವ ಆಪರೇಷನ್ ಹೇಳಬಹುದು. ಆಪರೇಷನ್ನಿನಿಂದ ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಲು ಅದು. ಪೊರೆ ಆಪರೇಷನ್ ಮಾಡಿಸಿಕೊಂಡ ಪಕ್ಕದ ಮನೆಯವರಿಗೆ ಮರುದಿನವೇ ಲಕಲಕ ಕಂಡಿತು, ನನಗೇಕೆ ಇಲ್ಲ ಎಂದು ಆಮೇಲೆ ಬೇಸರ ಪಡುವುದಕ್ಕಿಂತ ಅಪ್ಪಯ್ಯನಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ.

ಇನ್ನು ನೀವು. ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದವರಲ್ಲಿ 80ರ ವಯಸ್ಸಿನೊಳಗೆ ಅದು ಬರುವ ಸಾಧ್ಯತೆ ಸುಮಾರು 22 ಶೇಕಡಾ, ಇಲ್ಲದವರಲ್ಲಿ 2.3 ಶೇಕಡಾ ಎಂದು ನೆದರ್ಲೆಂಡಿನ ರಾಟರ್‌ಡ್ಯಾಮಿನ ಒಂದು ಅಧ್ಯಯನ ಲೆಕ್ಕ ಹಾಕಿದೆ. ನಿಮಗೆ ನಲವತ್ತು ಹತ್ತಿರವಾಗಿದ್ದರೆ ಅಪ್ಪಯ್ಯನನ್ನು ಕರೆದುಕೊಂಡು ಹೋಗುವ ದಿನವೇ ನಿಮ್ಮ ಚೀಟಿಯನ್ನೂ ಮಾಡಿಸಿ. ಬರೀ ಕನ್ನಡಕದ ನಂಬರ್ ನೋಡಿ ಕಳಿಸುವುದು ಬೇಡ, ತಂದೆಗೆ ಗ್ಲಾಕೋಮಾ ಇದೆ, ಪಾಪೆ ಹಿಗ್ಗಿಸಿ ನರ ನೋಡಿ ಎಂದು ಬಾಯಿಬಿಟ್ಟು ಹೇಳಿ. ಹಿಗ್ಗಿಸಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜಾಗಿರುತ್ತದೆ, ಬೈಕಿನಲ್ಲಿ ಹೋಗಬೇಡಿ, ಬಸ್ಸಿಗೇ ಹೋಗಿ.